ಒಂದು ಕಿಟಕಿಯಲ್ಲಿ ಇಲ್ಲದ ಕಂಬ

ಕೂಲಿಯಾಳು ಭಾಗಪ್ಪನ ಕಾಲುಗಳು ಮಾತ್ರ ಹೊರಗಿದ್ದವು. ಉಳಿದ ಮೈಯೆಲ್ಲ ಸ್ಲ್ಯಾಬಿನ ಕೆಳಗೆ.

ಬಬಲೇಶ್ವರದಲ್ಲಿ ಕಟ್ಟುತ್ತಿದ್ದ ಮದುವೆ ಹಾಲಿನ ಪೋರ್ಚು. ಬೆಳಿಗ್ಗೆ ಸೆಂಟ್ರಿಂಗ್ ಹಲಗೆ ಬಿಚ್ಚಿದ್ದೇ ತಡ, ಇಡಿಯಾಗಿ ಕುಸಿದಿತ್ತು. ಪಿಎಸ್‌ಐ ವಿಶಾಖಾ ಮೂಗಿಗೆ ಕರವಸ್ತ್ರ ಹಿಡಿದಳು. ಸುತ್ತ ನಿಂತ ಜನ ಗುಟ್ಕಾ ಜಗಿಯುತ್ತ ಮೊಬೈಲ್ ಎತ್ತಿ ಹಿಡಿದಿದ್ದರು. ಹಾಲಿನ ಮಾಲೀಕ, ತಿಕೋಟಾದ ಯಲಗೂರಪ್ಪ, ಉದ್ಘಾಟನೆ ಮುಂದಕ್ಕೆ ಹೋಯಿತಲ್ಲ ಎಂದು ಫೋನಿನಲ್ಲಿ ಯಾರಿಗೋ ಗೋಳು ಹೇಳಿಕೊಳ್ಳುತ್ತಿದ್ದ.

ಮೊದಲ ಅನುಮಾನ ಗುತ್ತಿಗೆದಾರ ಯಾಕೂಬನ ಮೇಲೆ. ಕಬ್ಬಿಣ ನುಂಗಿರಬೇಕು ಅಂದುಕೊಂಡಳು. ಆದರೆ ಒಡೆದ ಸ್ಲ್ಯಾಬಿನಲ್ಲಿ ಸರಳು ಬೇಕಾದಷ್ಟಿತ್ತು. ಇಲ್ಲದ್ದು ಒಂದೇ. ಅಷ್ಟಗಲದ ಪೋರ್ಚಿಗೆ ನಡುವೆ ಆಸರೆಯ ಕಂಬ.

"ನಕ್ಷಾದಾಗ ಇಲ್ಲದ್ದನ್ನ ನಾ ಹೆಂಗ ಕಟ್ಲಿರಿ ಮೇಡಂ?" ಯಾಕೂಬ ಮಡಿಚಿದ ಹಾಳೆ ಬಿಚ್ಚಿದ.

ಪೊಲೀಸ್ ಆಗುವ ಮುಂಚೆ ವಿಶಾಖಾ ಸಿವಿಲ್ ಡಿಪ್ಲೊಮಾ ಓದಿದವಳು. ಹಾಳೆಯ ಮೇಲೆ ಬಗ್ಗಿದಳು. ದೊಡ್ಡ ಪ್ಲಾನಿನಲ್ಲಿ ಕಂಬವಿರಲಿಲ್ಲ. ಕಟ್ಟಡವನ್ನು ಸೀಳಿ ತೋರಿಸುವ, ಮೂಲೆಯ ಪುಟ್ಟ ಸೆಕ್ಷನ್ನಿನಲ್ಲಿ ಇತ್ತು. ಆ ಮೂಲೆಯನ್ನು ಗೌಂಡಿಗಳು ಯಾರೂ ನೋಡುವುದಿಲ್ಲ.

* * *

ಜೋರಾಪುರ ಪೇಟೆಯ ಆಫೀಸಿನಲ್ಲಿ ಎಂಜಿನಿಯರ್ ಚಂದ್ರಕಾಂತ ಮಿರ್ಚಿ ಭಜಿ ತಿನ್ನುತ್ತಿದ್ದ. ಸತ್ತವನ ಹೆಸರು ಕೇಳಲಿಲ್ಲ. ಎಣ್ಣೆಗೈಯನ್ನು ಬಾಗಿಲ ಪರದೆಗೆ ಒರೆಸಿಕೊಂಡ. ತಪ್ಪು, ನಕ್ಷೆ ಬಿಡಿಸುವ ತನ್ನ ಡ್ರಾಫ್ಟ್ಸ್‌ಮನ್ ಗೌತಮನದು ಎಂದ. ಅವನ ಹೇಳಿಕೆಯ ಮೇಲೆಯೇ ಠಾಣೆಯವರು ಗೌತಮನನ್ನು ಆಗಲೇ ಒಳಗೆ ಹಾಕಿದ್ದರು.

"ಆ ಫೈಲ್ ನಾ ಮುಟ್ಟೇ ಇಲ್ರಿ. ಆ ಮಗಾ ಕಂಬ ಅಳಿಸಿ ಒಗದಾನ. ನಿಮ್ಮ ಪೈಕಿ ಅಂತ ಬಿಟ್ಟುಗಿಟ್ಟೀರಿ ಮತ್ತ."

ವಿಶಾಖಾ, ಗೌತಮ ಎಂಬ ಎರಡು ಬೌದ್ಧ ಹೆಸರಿನಲ್ಲೇ ಜಾತಿ ಅಳೆದು ಮುಗಿಸಿದ್ದ. ವಿಶಾಖಾ ಗೌತಮನ ಕಂಪ್ಯೂಟರ್ ಮುಂದೆ ಕೂತಳು.

ಕೊನೆಯಲ್ಲಿ ಸೇವ್ ಮಾಡಿದವನು ಪರದೆಯನ್ನು ಹೇಗೆ ಕಿಟಕಿಗಳಾಗಿ ಹಂಚಿಕೊಂಡಿದ್ದನೋ, ನಕ್ಷೆಯ ಫೈಲು ಹಾಗೇ ತೆರೆದುಕೊಳ್ಳುತ್ತದೆ. ಗೌತಮನ ಹಳೆಯ ಫೈಲುಗಳೆಲ್ಲ ನಾಲ್ಕು ಕಿಟಕಿಗಳಾಗಿ ತೆರೆದವು. ಪ್ಲಾನು, ಮುಂಭಾಗ, ಸೆಕ್ಷನ್, ಇಡೀ ಕಟ್ಟಡ. ಬಬಲೇಶ್ವರದ ಫೈಲು ಮಾತ್ರ ಒಂದೇ ಕಿಟಕಿಯಾಗಿ ತೆರೆಯಿತು. ಅವಳು ಇನ್ನೂ ಸ್ವಲ್ಪ ಕೆದಕಿದಳು. ಕಂಡದ್ದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು ಎದ್ದಳು.

ಠಾಣೆಯ ಮೆಟ್ಟಿಲ ಮೇಲೆ ಗೌತಮನ ತಾಯಿ ಪರಸವ್ವ ಬುತ್ತಿ ಹಿಡಿದು ಕೂತಿದ್ದಳು. ಒಳಗೆ ಬಿಡಲು ಪೇದೆ ಚಹಾಕ್ಕೆ ದುಡ್ಡು ಕೇಳಿದ್ದನಂತೆ. ವಿಶಾಖಾ ಅವನ ಮುಖ ಸಹ ನೋಡದೆ ಒಳನಡೆದಳು. ಯಾಕೆ ನಾಲ್ಕು ಕಿಟಕಿ ಎಂದು ಗೌತಮನನ್ನು ಕೇಳಿದಳು.

"ಒಂದ್ ಕಡೆ ಗ್ವಾಡಿ ಸರಿಸಿದ್ರ ಉಳಿದ ಕಡೆ ಏನಾಕ್ಕೈತಿ ಕಾಣಬೇಕಲ್ರಿ. ಇಲ್ಲಂದ್ರ ನನಗ ಕೈನ ಓಡಂಗಿಲ್ಲ."

* * *

ಮರುದಿನ ಪಂಚನಾಮೆಗೆಂದು ಗೌತಮನನ್ನೂ ಯಲಗೂರಪ್ಪನನ್ನೂ ಆಫೀಸಿಗೆ ಕರೆಸಿದಳು. ಚಂದ್ರಕಾಂತನ ಜೊತೆ ನಯವಾಗಿ ಮಾತಾಡಿದಳು. ನಿಮ್ಮ ಮೂಲ ನಕ್ಷೆಯಲ್ಲಿ ಕಂಬವಿತ್ತು ಎಂದು ತೋರಿಸುವ ಹಾಳೆಯೊಂದು ಸಿಕ್ಕರೆ ಗೌತಮನ ಮೇಲಿನ ಕೇಸು ಗಟ್ಟಿಯಾಗುತ್ತದೆ, ಆದರೆ ಅಳಿಸಿದ್ದನ್ನು ಹೊಸದಾಗಿ ಬರೆಯಲು ದಿನವೇ ಹಿಡಿಯಬಹುದಲ್ಲವೇ ಎಂದಳು.

"ದಿನ ಯಾಕ? ಈಗ ಕೊಡ್ತೇನಿ ತಗೋರಿ."

ಅವನು ಹುಡುಕಲಿಲ್ಲ. ಪರದೆಯ ಮೇಲೆ, ಪ್ರಿಂಟಿಗೆ ಹೋಗುವ ಹಾಳೆಯಲ್ಲಿ ಪ್ಲಾನಿನ ಕಿಟಕಿಯೊಳಗೆ ಹೋಗಿ, ಕಂಬದ ಹೆಸರಿನ ಮುಂದಿದ್ದ ಗುರುತನ್ನು ಒತ್ತಿದ. ಕಂಬ ಬಂದು ನಿಂತಿತು.

"ಅಳಿಸಿದ ಕಂಬ ಹೆಂಗ ಬಂತು?" ವಿಶಾಖಾ ಕೇಳಿದಳು.

ಅವನ ಬೆರಳು ಮೌಸಿನ ಮೇಲೇ ಉಳಿಯಿತು.

ವಿಶಾಖಾ ಬಿಡಿಸಿ ಹೇಳಿದಳು. ಕಂಬವನ್ನು ಯಾರೂ ಅಳಿಸಿರಲಿಲ್ಲ. ಹಾಳೆಯಲ್ಲಿ ಕಿಟಕಿಗಳು ಹಲವಾದರೂ ಹಿಂದಿರುವ ಕಟ್ಟಡ ಒಂದೇ. ಬೇಕಾದ್ದನ್ನು ಒಂದು ಕಿಟಕಿಯಲ್ಲಿ ಮಾತ್ರ ಮುಚ್ಚಿಡಬಹುದು. ದೊಡ್ಡ ಕಾರು ಪೋರ್ಚಿನೊಳಗೇ ತಿರುಗಬೇಕೆಂಬುದು ಯಲಗೂರಪ್ಪನ ಹಟ. ಕಂಬವಿಲ್ಲದೆ ಮಂಜೂರಾತಿ ಸಿಗದು. ಹಾಗಾಗಿ ಮಂಜೂರಾತಿ ಕಚೇರಿಗೆ ಕಂಬವಿದ್ದ ಹಾಳೆ, ಯಾಕೂಬನಿಗೆ ಇಲ್ಲದ ಹಾಳೆ. ಚಂದ್ರಕಾಂತ ಪ್ಲಾನನ್ನು ಪರದೆ ತುಂಬ ಹಿಗ್ಗಿಸಿಕೊಂಡೇ ಕೆಲಸ ಮಾಡುವವನು; ಫೈಲು ಒಂದೇ ಕಿಟಕಿಯಾಗಿ ತೆರೆದದ್ದು ಅದಕ್ಕೇ. ಸೆಕ್ಷನ್ನಿನಲ್ಲಿ ಕಂಬ ಉಳಿದದ್ದು ಅವನ ಕಣ್ಣಿಗೇ ಬೀಳಲಿಲ್ಲ. ನಾಲ್ಕೂ ಕಡೆ ಒಟ್ಟಿಗೆ ನೋಡುವ ಗೌತಮ ಅದನ್ನು ಬಿಡುತ್ತಿರಲಿಲ್ಲ. ಫೈಲು ಮುಟ್ಟೇ ಇಲ್ಲ, ಗೌತಮ ಅಳಿಸಿದ ಎಂದು ದೂರು ಕೊಟ್ಟವನಿಗೆ ಅದು ಮುಚ್ಚಿಟ್ಟ ಕಂಬವೆಂದೂ, ಯಾವ ಕಿಟಕಿಯಲ್ಲೆಂದೂ ಗೊತ್ತಿತ್ತು.

"ನಾ ಬರೇ ಕಂಬ ಬ್ಯಾಡಂದಿದ್ದೆ. ಮಂದಿ ಸಾಯ್ಲಿ ಅಂದಿದ್ದಿಲ್ಲ," ಎಂದ ಯಲಗೂರಪ್ಪ. ಪೇದೆ ಅವನ ರಟ್ಟೆಯನ್ನೂ ಹಿಡಿದ.

ಜೀಪು ಹತ್ತುವಾಗ ಚಂದ್ರಕಾಂತ ತಿರುಗಿದ. ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ.

"ಗೌತಮಾ, ತಿಕೋಟಾದ ಪೆಟ್ರೋಲ್ ಪಂಪಿನ ಡ್ರಾಯಿಂಗ್ ಸೋಮವಾರ ಕೊಡೂದೈತಿ. ಮುಗಿಸಿಬಿಡು ಲೇ."

"ಹೂಂ ರೀ ಸರ್," ಎಂದ ಗೌತಮ. ಅಂದ ಮೇಲೆ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ.

ವಿಶಾಖಾ ಮತ್ತೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದಳು. ಹೆಣದ ಮುಂದೆಯೂ ಇಷ್ಟು ಒತ್ತಿ ಹಿಡಿದಿರಲಿಲ್ಲ.