ಹಾಲು ಬತ್ತಿದ ಮೇಲೆ

ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಕೂಸು ಹಸಿವಿಗೆ ಅಳುತ್ತಿದೆ ಎಂದು ಮೊದಲು ಗೊತ್ತಾದದ್ದು ಚಂದ್ರಿಕಾಳ ಮನಸ್ಸಿಗಲ್ಲ... ಮೈಗೆ.

ಎದೆ ಜುಮ್ಮೆಂದಿತು. ರವಿಕೆ ಒದ್ದೆಯಾಯಿತು. ಸೆರಗನ್ನು ಬಿಗಿಯಾಗಿ ಎಳೆದುಕೊಂಡು ಅವಳು ಕಣ್ಣು ಮುಚ್ಚಿದಳು.

'ಬೇಡ... ಯಾರದೋ ಕೂಸು. ನನ್ನದಲ್ಲ.'

ಅವಳ ಮಗ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಹತ್ತೊಂಬತ್ತು ದಿನ ಬದುಕಿದ್ದ, ಅಷ್ಟೇ. ಇನ್ನೂ ಹೆಸರಿಟ್ಟಿರಲಿಲ್ಲ. ಅವನು ಆರು ತಿಂಗಳು ಹೊಟ್ಟೆಯಲ್ಲಿದ್ದಾಗ, ಲಾರಿ ಓಡಿಸುತ್ತಿದ್ದ ಗಂಡ ಗಣೇಶ್ ಘಾಟಿಯಲ್ಲಿ ಸತ್ತಿದ್ದ. ಇಪ್ಪತ್ತಮೂರನೇ ವಯಸ್ಸಿಗೆ ಹೆಂಡತಿ ಅನ್ನುವುದೂ ಮುಗಿದಿತ್ತು, ತಾಯಿ ಅನ್ನುವುದೂ ಮುಗಿದಿತ್ತು.

ಅದು 2001ರ ಮಾರ್ಚ್. ಗಂಡನ ಸಾವಿನ ಕಾಗದಪತ್ರಕ್ಕೆಂದು ಅವ್ವ ಇಂದ್ರಮ್ಮನ ಜೊತೆ ಪೇಟೆಗೆ ಬಂದವಳು ಊರಿನ ಬಸ್ಸಿಗೆ ಕಾಯುತ್ತಿದ್ದಳು. ಹಾಲು ಬತ್ತಲೆಂದು ಇಂದ್ರಮ್ಮ ದಿನಾ ಮಗಳ ಎದೆಗೆ ಮಲ್ಲಿಗೆ ಹೂ ಕಟ್ಟುತ್ತಿದ್ದಳು. ಹಾಲು ಮಾತ್ರ ಬತ್ತಿರಲಿಲ್ಲ.

ಕೂಸಿನ ಅಳು ನಿಲ್ಲಲಿಲ್ಲ. ಕಂಬದ ಪಕ್ಕ ನಿಂತ ಗಂಡಸೊಬ್ಬ ಅದರ ಬಾಯಿಗೆ ಬಾಟ್ಲಿ ಇಡುತ್ತಿದ್ದ. ಅದು ತಲೆ ತಿರುಗಿಸುತ್ತಿತ್ತು. ಕೊನೆಗೆ ಎರಡು ಗುಟುಕು ಕುಡಿದು, ಅಷ್ಟನ್ನೂ ಅವನ ಅಂಗಿಯ ಮೇಲೆ ಕಕ್ಕಿತು.

ಚಂದ್ರಿಕಾ ಎದ್ದು ನಿಂತಳು.

"ಎಲ್ಲಿಗೆ?" ಇಂದ್ರಮ್ಮ ಕೇಳಿದಳು.

ಅವಳು ನೇರವಾಗಿ ಹೋಗಿ ಅವನ ಮುಂದೆ ಎರಡೂ ಕೈ ಚಾಚಿದಳು.

"ಕೊಡಿ ಇಲ್ಲಿ."

ಅವನು ಬೆಚ್ಚಿ ನೋಡಿದ. ಕೆಂಪಾದ ಕಣ್ಣು, ಕ್ಷೌರ ಕಾಣದ ಕೆನ್ನೆ. "ನೀವು... ಯಾರು?"

"ಹಾಲೈತೆ ನನ್ನ ಹತ್ರ. ಕೂಸಿಲ್ಲ. ಕೊಡಿ."

ಅವನು ಮಗುವನ್ನು ಕೊಟ್ಟುಬಿಟ್ಟ!

ಮೂಲೆಯ ಬೆಂಚಿನಲ್ಲಿ ಇಂದ್ರಮ್ಮ ಸೆರಗು ಹಿಡಿದು ಮರೆ ಮಾಡಿದಳು. ಕೂಸು ಮೊದಲು ತಡಕಾಡಿತು. ಆಮೇಲೆ ಎದೆ ಬಾಯಿಗೆ ಸಿಕ್ಕಿತು. ಅಳು ನಿಂತಿತು. ಆ ಪುಟ್ಟ ಗಂಟಲು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತಾ ಚಂದ್ರಿಕಾ ಅತ್ತಳು. ಮಗನನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಆ ಗಂಡಸು ಅತ್ತ ತಿರುಗಿ ನಿಂತಿದ್ದ.

"ಹೆಸರೇನು ಇವಳದು?"

"ಬಿಂದುಶ್ರೀ. ಅವಳಮ್ಮ ಮೊದಲೇ ಇಟ್ಕೊಂಡಿದ್ದ ಹೆಸರು." ತಿರುಗದೆಯೇ ಹೇಳಿದ. "ಹೆರಿಗೆ ಆಗಿ ಎರಡು ಗಂಟೆಗೆ ಹೋಗ್ಬುಟ್ಲು. ರಕ್ತ ನಿಲ್ಲಲಿಲ್ಲ. ಎರಡೂವರೆ ತಿಂಗಳಾಯ್ತು... ಡಬ್ಬಿ ಹಾಲು ಇವಳಿಗೆ ಒಗ್ಗತಿಲ್ಲ."

ಅವನ ಹೆಸರು ಲೋಹಿತ್. ಎಸ್ಟೇಟ್ ಒಂದರಲ್ಲಿ ಕೂಲಿಯವರ ಹಾಜರಿ ಬರೆಯುವ ರೈಟರ್.

ಬಸ್ಸು ಬಂತು. ಮಲಗಿದ್ದ ಕೂಸನ್ನು ಹಿಂದಿರುಗಿಸಬೇಕು. ಚಂದ್ರಿಕಾಳಿಗೆ ಕೈ ಬರಲಿಲ್ಲ. ಇಂದ್ರಮ್ಮನೇ ಮೆಲ್ಲಗೆ ಬಿಡಿಸಿ ಕೊಟ್ಟಳು.

"ಯಾವೂರು ನಿಮ್ಮದು?" ಅವನು ಬಸ್ಸಿನ ಕಿಟಕಿಯತ್ತ ಓಡಿ ಬಂದು ಕೇಳಿದ.

"ಕುಂದೂರಿಂದ ಒಳಗೆ ಕಣಪ್ಪ. ದ್ಯಾವಯ್ಯನ ಮನೆ ಅಂದ್ರೆ ತೋರಿಸ್ತಾರೆ," ಎಂದಳು ಇಂದ್ರಮ್ಮ.

* * *

ಐದನೇ ದಿನ ಅವನು ಆ ಊರಿಗೆ ಬಂದೇಬಿಟ್ಟ!

ಹೆಂಡತಿಯ ಹಳೇ ಸೀರೆಯಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡಿದ್ದ. ನೀರಿಗೆ ಬಂದ ಹೆಂಗಸರು ಬಿಂದಿಗೆ ಕೆಳಗಿಟ್ಟು ನೋಡಿದರು. ಊರಿನ ಅರ್ಧ ಮಕ್ಕಳಿಗೆ ಮೊದಲ ನೀರು ಹಾಕಿದ ಮುದುಕಿ ಈರಮ್ಮ ಮುಂದೆ ಬಂದಳು.

"ಯಾರಪ್ಪ? ಏನಾಗ್ಬೇಕು?"

"ಕೆಲಸ ಬಿಟ್ಟು ಬೇರೆ ಕಡೆ ಹೋಗ್ಬೇಕು ಅಂತಿದೀನಿ ಅಜ್ಜಿ. ಹೋಗೋಕೆ ಮೊದಲು ಊರು ನೋಡ್ತಾ ಇದೀನಿ."

"ಊರು ನೋಡೋಕೇನೈತೆ?"

"ಮೂರು ಎಸ್ಟೇಟ್ ನೋಡಿ ಬಂದೆ. ಒಂದು ಕಡೆ ಒಳ್ಳೇ ಮನೆ ಕೊಡ್ತಾರೆ. ಆದ್ರೆ ಕೂಸುಗಳನ್ನ ಬೆಳಗ್ಗೆ ಒಂದು ಕೋಣೆಗೆ ಬಿಟ್ರೆ ಸಂಜೆಗೇ ನೋಡೋದು. ಅತ್ತು ಅತ್ತು ಸುಮ್ಮನಾಗ್ತವೆ ಅಂದ್ರು. ಇನ್ನೊಂದು ಕಡೆ, ಎತ್ತಿ ಅಭ್ಯಾಸ ಮಾಡ್ಬೇಡಿ, ಹಟ ಕಲೀತವೆ ಅಂದ್ರು. ಮತ್ತೊಂದು ಕಡೆ ಹತ್ತಿರದಲ್ಲಿ ಮನೆಗಳೇ ಇಲ್ಲ." ಅವನು ಕೂಸಿನ ಬೆನ್ನು ತಟ್ಟಿದ. "ಇವಳಿಗೆ ತಾಯಿಯ ಮೈಬಿಸಿ ಸಿಕ್ಕಿಲ್ಲ. ಹೊತ್ಕೊಂಡು ಸಾಕ್ಬೇಕು ಅಂತ ನನ್ನಾಸೆ. ಒಬ್ಬನ ಕೈಲಿ ಆಗ್ತಿಲ್ಲ... ಇಲ್ಲಿ ಕೂಸು ಅತ್ರೆ ಯಾರು ಎತ್ಕೋತಾರೆ ಅಜ್ಜಿ?"

ಈರಮ್ಮ ನಕ್ಕುಬಿಟ್ಟಳು. "ಇದೆಂಥ ಮಾತು ಮಾರಾಯ! ಯಾರ ಕೈ ಬಿಡುವಾಗೈತೋ ಅವರು ಎತ್ಕೋತಾರೆ. ಕೊಡು ಇತ್ಲಾಗೆ. ನೆತ್ತಿಗೆ ಎಣ್ಣೆ ಕಂಡು ಎಷ್ಟು ದಿನ ಆಯ್ತೋ!"

ಲೋಹಿತ್ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಚಂದ್ರಿಕಾಳಿಗೆ, ಆ ಮನುಷ್ಯ ತಿಂಗಳುಗಟ್ಟಲೆ ಕೂತೇ ಇಲ್ಲವೇನೋ ಅನ್ನಿಸಿತು.

ಚಂದ್ರಿಕಾ ಅವನ ಕೂಸಿಗೆ ಹಾಲೂಡುವುದಕ್ಕೆ ಅಪ್ಪ ದ್ಯಾವಯ್ಯ ಒಪ್ಪಲಿಲ್ಲ. "ಗಂಡ ಸತ್ತು ಆರು ತಿಂಗಳಾಗಿಲ್ಲ. ಜನ ಏನಂತಾರೆ?"

"ಜನ ಅಂದ್ರೆ ನಾವೇ ಅಲ್ವಾ? ನಾವು ಏನೂ ಅನ್ನಲ್ಲ, ಹೋಗೋ!" ಎಂದು ಈರಮ್ಮ ಬಾಯಿ ಮುಚ್ಚಿಸಿದಳು.

ಊರ ಪಕ್ಕದ ಪರಮಶಿವಯ್ಯನವರ ತೋಟದಲ್ಲಿ ರೈಟರ್ ಕೆಲಸ ಖಾಲಿಯಿತ್ತು. ಸಂಬಳ ಕಡಿಮೆ. ಲೋಹಿತ್ ಮರುಮಾತಿಲ್ಲದೆ ಒಪ್ಪಿದ. ಊರಲ್ಲಿ ಹಾಲೂಡುವ ತಾಯಂದಿರು ಇಬ್ಬರಿದ್ದರು. ಚಂದ್ರಿಕಾ ಸೇರಿ ಮೂವರು. ಬಿಂದು ಮೂವರ ಮಡಿಲಲ್ಲೂ ಕುಡಿದಳು. ಆದರೆ ನಿದ್ದೆ ಮಾತ್ರ ಚಂದ್ರಿಕಾಳ ಮಡಿಲಲ್ಲೇ ಬರುತ್ತಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಕೂಸಿನ ಕೆನ್ನೆ ತುಂಬಿತು. ಲೋಹಿತ್ ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಹಾಜರಿ ಬರೆಯುತ್ತಿದ್ದ. "ರೈಟ್ರು ಹೆತ್ತವ್ರೆ ಕಣ್ರೇ!" ಎಂದು ಆಳುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ.

ಒಂದು ಮಧ್ಯಾಹ್ನ, ಬಿಂದು ಮಲಗಿದ್ದಾಗ, ಅವನು ಕೇಳಿದ:

"ನಿಮ್ಮ ಮಗ... ಹೇಗಿದ್ದ?"

ಚಂದ್ರಿಕಾ ತಲೆಯೆತ್ತಿ ನೋಡಿದಳು. ಅದನ್ನು ಯಾರೂ ಕೇಳಿರಲಿಲ್ಲ. ಮರೆತುಬಿಡು, ಇನ್ನೂ ಚಿಕ್ಕ ವಯಸ್ಸು ಎಂದವರೇ ಎಲ್ಲ.

"ಕಿವಿ ತುಂಬಾ ತೆಳ್ಳಗಿತ್ತು," ಎಂದಳು. "ಬಿಸಿಲಿಗೆ ಹಿಡಿದ್ರೆ ಆಚೆ ಕಡೆ ಕಾಣೋದು. ಸೀನಿದ ಮೇಲೆ ತಾನೇ ಹೆದರಿಕೊಳ್ತಿದ್ದ..."

ಅವಳು ಒಂದು ಗಂಟೆ ಮಾತಾಡಿದಳು. ಅವನು ಒಂದು ಸಲವೂ ಸಮಾಧಾನ ಹೇಳಲಿಲ್ಲ. ಕೇಳಿದ, ಅಷ್ಟೇ.

ಆ ದಿನದಿಂದ ಸಂಜೆ ಅವನ ಹೆಜ್ಜೆ ಸದ್ದಿಗೆ ಅವಳ ಎದೆ ಬೇರೆಯೇ ರೀತಿಯಲ್ಲಿ ಜುಮ್ಮೆನ್ನತೊಡಗಿತು. ಅವಳಿಗೆ ಭಯವಾಯಿತು. 'ಇದು ತಪ್ಪಾ?' ಗಂಡನ ಫೋಟೋದ ಮುಂದೆ ನಿಂತು ಕೇಳಿಕೊಂಡಳು.

* * *

ಡಿಸೆಂಬರಿನಲ್ಲಿ, ಬಿಂದು ಗೋಡೆ ಹಿಡಿದು ನಿಲ್ಲುವುದನ್ನು ಕಲಿತ ವಾರ, ಲೋಹಿತ್ ಅಂಗಳಕ್ಕೆ ಬಂದು ನಿಂತ. ಕೈಯಲ್ಲಿ ಟ್ರಂಕು.

"ಬಿಂದು ಈಗ ಮುದ್ದೆ ನುಂಗ್ತಾಳೆ. ಹಾಲು ಬಿಟ್ರೂ ನಡೆಯುತ್ತೆ. ಆನೇಮಹಲ್ ಹತ್ರ ಒಂದು ಎಸ್ಟೇಟಲ್ಲಿ ಕೆಲಸ ಒಪ್ಕೊಂಡಿದೀನಿ." ಅವನು ಅವಳ ಮುಖ ನೋಡಲಿಲ್ಲ. "ಇಷ್ಟು ದಿನ ನಿಮಗೆ ತೊಂದರೆ ಕೊಟ್ಟೆ."

"ತೊಂದರೆ?"

ಅವನು ಟ್ರಂಕನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡ.

"ಹೇಳಿ ರೈಟ್ರೇ. ಬೇರೆ ಏನೂ ಇಲ್ವಾ ಹೇಳೋಕೆ?"

"ಇಲ್ಲ... ಚೆನ್ನಾಗಿರಿ."

ಅವಳ ಮೈಯೆಲ್ಲ ಉರಿದುಹೋಯಿತು. "ಗೊತ್ತಾಯ್ತು ಬಿಡಿ! ಬೇಕಿದ್ದಿದ್ದು ಹಾಲು ತಾನೇ? ಹಾಲು ಬೇಡವಾದ್ಮೇಲೆ ಹಸೂನ ಯಾರು ಇಟ್ಕೋತಾರೆ? ಹೋಗಿ!"

ಅವನು ಏಟು ತಿಂದವನಂತೆ ನಿಂತ. ಬಿಂದು ಅವನ ಹೆಗಲ ಮೇಲಿಂದ ಎರಡೂ ಕೈ ಚಾಚಿ "ಅಮ್... ಅಮ್..." ಎಂದಳು.

ಚಂದ್ರಿಕಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಸಿಗೊಂದು ಮುತ್ತೂ ಕೊಡಲಿಲ್ಲ.

ಮೂರು ದಿನ ಎದೆ ಕಲ್ಲಾಯಿತು. ಹಿತ್ತಲಿಗೆ ಹೋಗಿ ಹಾಲನ್ನು ಮಣ್ಣಿಗೆ ಹಿಂಡಿದಳು. ಮಗ ಹೋದಾಗ ಅವಳ ಜೊತೆ ಅಳಲು ಊರೇ ಬಂದಿತ್ತು. ಈ ಸಲ ಅಳುವುದಕ್ಕೆ ಅವಳಿಗೆ ಹಕ್ಕೇ ಇರಲಿಲ್ಲ. ಹೆತ್ತ ಕೂಸಲ್ಲ... ಕಟ್ಟಿಕೊಂಡ ಗಂಡಸಲ್ಲ... ಏನೆಂದು ಅಳುವುದು?

ತಿಂಗಳೊಳಗೆ ಹಾಲು ತಾನಾಗಿಯೇ ಬತ್ತಿತು.

ಫೆಬ್ರವರಿಯಲ್ಲಿ ಆಲೂರು ಕಡೆಯಿಂದ ಹೆಣ್ಣು ನೋಡಲು ಬಂದರು. ಗಂಡು, ಹೆಂಡತಿ ತೀರಿಕೊಂಡ ಅಂಗಡಿಯವರು. ಚಂದ್ರಿಕಾ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಗಂಡಿನ ಕಡೆಯ ಹಿರಿಯರು ಕೇಳುತ್ತಿದ್ದರು:

"ಆ ರೈಟರು, ಅವನ ಕೂಸು... ಆ ಸಹವಾಸ ಈಗ ಇಲ್ವಲ್ಲ?"

"ಇಲ್ಲ ಇಲ್ಲ," ದ್ಯಾವಯ್ಯ ಆತುರಾತುರವಾಗಿ ಹೇಳಿದ. "ಎರಡು ತಿಂಗಳ ಹಿಂದೆ ನೀವು ಹೇಳಿ ಕಳಿಸಿದ ಮೇಲೆ ನಾನೇ ಅವನ್ನ ಕರೆದು, ಊರು ಬಿಡಪ್ಪ ಅಂತ ಕೈ ಮುಗಿದ್ಬುಟ್ಟೆ."

ತಟ್ಟೆ ಕೈಯಿಂದ ಬೀಳಲಿಲ್ಲ. ಅವಳು ಅದನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟು ಹಿತ್ತಲಿಗೆ ನಡೆದಳು.

ಬಂದವರು ಹೋದ ಮೇಲೆ ದ್ಯಾವಯ್ಯ ಅವಳನ್ನು ಹುಡುಕಿಕೊಂಡು ಬಂದ.

"ರೈಟ್ರು ಏನಂದ್ರು ಅಪ್ಪ, ನೀನು ಹೋಗು ಅಂದಾಗ?"

"ನಿನ್ನ ಬಾಳು ನೇರ ಆಗ್ಲಿ ಅಂತ ಕಣವ್ವ ನಾನು..."

"ಏನಂದ್ರು?"

ದ್ಯಾವಯ್ಯನ ದನಿ ಇಳಿಯಿತು. "ಒಂದು ಮಾತೂ ಎದುರಾಡಲಿಲ್ಲ. ಅವರು ಚೆನ್ನಾಗಿದ್ರೆ ಸಾಕು ಅಂದ. ನಿನಗೆ ಹೇಳಕೂಡದು ಅಂತ ನಾನೇ ಆಣೆ ಹಾಕಿಸ್ಕೊಂಡೆ. ಎದ್ದು ಹೋಗೋವಾಗ ಅವನಿಗೆ ಚಪ್ಪಲಿ ಕಾಣಿಸಲಿಲ್ಲ ಕಣವ್ವ... ಬರಿಗಾಲಲ್ಲೇ ಹೋಗ್ಬುಟ್ಟ."

ಮರುದಿನ ಬೆಳಗ್ಗೆ ಇಂದ್ರಮ್ಮ ಏನೂ ಕೇಳದೆ ಬುತ್ತಿ ಕಟ್ಟಿದಳು. ದ್ಯಾವಯ್ಯ ಮಗಳ ಹಿಂದೆ ಬಸ್ಸಿನವರೆಗೂ ಬಂದು, ಅವಳ ಚೀಲವನ್ನು ತಾನೇ ಮೇಲಿಟ್ಟ.

* * *

ಆನೇಮಹಲ್‌ನಲ್ಲಿ ಇಳಿದು ಎರಡು ಮೈಲಿ ನಡೆದಳು. ಕಣದ ತುಂಬ ಕಾಫಿ ಹರಡಿತ್ತು. ಮೂಟೆಗಳ ಸ್ಟೋರಿನ ಮುಂದೆ ಲೋಹಿತ್ ಏನೋ ಬರೆಯುತ್ತಿದ್ದ. ಪಕ್ಕದ ಗೋಣಿಚೀಲದ ಮೇಲೆ ಬಿಂದು. ಕೆನ್ನೆ ಇಳಿದಿತ್ತು. ನೆತ್ತಿ ಒಣಗಿತ್ತು.

"ಬಿಂದೂ..."

ಕೂಸು ತಲೆಯೆತ್ತಿ ನೋಡಿತು. ನೋಡುತ್ತಲೇ ಇತ್ತು. ಆಮೇಲೆ ತುಟಿ ಸೊಟ್ಟ ಮಾಡಿ ಅಳಲು ಶುರು ಮಾಡಿ, ಅಪ್ಪನ ಕಾಲನ್ನು ತಬ್ಬಿ ಮುಖ ಮುಚ್ಚಿಕೊಂಡಿತು.

ಚಾಚಿದ ಕೈಗಳು ಹಾಗೇ ಉಳಿದವು.

'ಮರೆತುಬಿಟ್ಟಳು... ನನ್ನನ್ನ ಮರೆತೇಬಿಟ್ಟಳು!'

ಲೋಹಿತ್ ಎದ್ದು ನಿಂತ. ಪೆನ್ನು ಕೆಳಗೆ ಬಿತ್ತು.

"ಎರಡು ತಿಂಗಳಾಯ್ತಲ್ಲ... ಚಿಕ್ಕವಳು," ಎಂದ ತೊದಲುತ್ತಾ.

"ನೀವು? ನೀವೂ ಮರೆತ್ರಾ?"

ಅವನು ಬಗ್ಗಿ ಕೂಸಿನ ನೆತ್ತಿ ಸವರಿದ.

"ಬಂದ ಹೊಸದರಲ್ಲಿ ಇವಳು ಬಾಗಿಲ ಕಡೆ ನೋಡ್ಕೊಂಡು ಅಳ್ತಿದ್ಲು. ಒಂದು ವಾರ ಆದ್ಮೇಲೆ ನಿಲ್ಲಿಸಿದ್ಲು. ನನಗೆ ನಿಲ್ಲಿಸೋಕಾಗಲಿಲ್ಲ."

"ಅಪ್ಪ ಎಲ್ಲಾ ಹೇಳಿದ್ರು. ನನ್ನ ಬಾಳು ಹೇಗಿರ್ಬೇಕು ಅಂತ ನೀವಿಬ್ರೂ ಕೂತು ತೀರ್ಮಾನ ಮಾಡಿದ್ರಲ್ಲ... ನನ್ನನ್ನ ಕೇಳಿದವರು ಯಾರು?"

"ಕೇಳಿದ್ರೆ ಇರಿ ಅಂತಿದ್ರಿ. ನೀವು ಇರಿ ಅಂದಿದ್ರೆ, ಆಣೆ ಮುರಿದಾದ್ರೂ ಇದ್ದುಬಿಡ್ತಿದ್ದೆ. ಅದಕ್ಕೇ ಕೇಳಲಿಲ್ಲ. ತಪ್ಪಾಯ್ತು."

"ನಾನೂ ಆಡಬಾರದ ಮಾತು ಆಡಿದೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ನನ್ನ ಹತ್ರ ಹಾಲಿಲ್ಲ ರೈಟ್ರೇ. ಬತ್ತೋಗೈತೆ. ಕೂಸಿಗೂ ನಾನು ಯಾರೋ. ಬರೀ ನಾನೊಬ್ಬಳೇ ಬಂದಿದೀನಿ... ಬೇಕಾ?"

"ಹಾಲು ಬೇಕಾಗಿದ್ದು ಬಿಂದುಗೆ, ಚಂದ್ರಿಕಾ." ಅವನು ಮೊದಲ ಸಲ ಬರೀ ಹೆಸರು ಹಿಡಿದು ಕರೆದಿದ್ದ. "ನನಗೆ ಬೇಕಾಗಿದ್ದು ನೀವು. ನೀವು ಮಗನ ಬಗ್ಗೆ ಹೇಳಿದ ಆ ಮಧ್ಯಾಹ್ನದಿಂದ. ಇವತ್ತೇ ಊರಿಗೆ ಬರ್ತೀನಿ. ನಿಮ್ಮಪ್ಪನ ಎದುರು ನಿಂತು ಕೇಳ್ತೀನಿ. ಆಗಲ್ಲ ಅಂದ್ರೆ ನಾಳೆ ಮತ್ತೆ ಕೇಳ್ತೀನಿ."

ಅವಳು ಅತ್ತಳು. ಅವನೂ ಅತ್ತ. ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ಬೇರೆ ಕಡೆ ತಿರುಗಿಕೊಂಡರು.

ಚಂದ್ರಿಕಾ ಕೂಸನ್ನು ಎಳೆದುಕೊಳ್ಳಲಿಲ್ಲ. ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಅಳು ನಿಲ್ಲಿಸಿದ ಬಿಂದು ಅಪ್ಪನ ಕಾಲ ಸಂದಿಯಿಂದ ಇಣುಕಿದಳು.

"ಕರೀಲಾ ಇವಳನ್ನ?" ಅವನು ಕೇಳಿದ.

"ಬೇಡ. ತಾನಾಗೇ ಬರಲಿ."

ಅವನು ಕಣ್ಣೀರು ಒರೆಸಿಕೊಳ್ಳಲು ಅತ್ತ ತಿರುಗಿದ. ತುಸು ಹೊತ್ತು ಬಿಟ್ಟು, ಹಾಗೆಯೇ ನಿಂತು ಕೇಳಿದ:

"ಬಂದ್ಲಾ?"

"ಇಲ್ಲ..." ಚಂದ್ರಿಕಾಳ ದನಿಯಲ್ಲಿ ಅಳುವಿನ ನಡುವೆಯೇ ನಗು ಮೂಡಿತು. "ಅರ್ಧ ದಾರಿಗೆ ಬಂದು ಕೂತವ್ಳೆ."

"ಕೂರಲಿ ಬಿಡಿ. ನಾವಿಬ್ರೂ ಇಲ್ಲೇ ಇದೀವಲ್ಲ."