ಹಸಿರು ಬುಟ್ಟಿ

ಹದಿನೆಂಟು ವರ್ಷ ಮಕ್ಕಳಿಗೆ ಔಷಧಿ ಎಣಿಸಿಕೊಟ್ಟ ತನ್ನ ಕೈಗೆ ಡಾಕ್ಟರ್ ರೂಪಶ್ರೀ ಕಸದ ಬುಟ್ಟಿ ಕೊಟ್ಟರು ಎಂಬುದನ್ನು ಬಸವಪ್ರಭು ಮರೆಯಲಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಮಕ್ಕಳ ಆಸ್ಪತ್ರೆಗೆ ಅವರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಉಬ್ಬಸದ ಮಕ್ಕಳು ಎಳೆದುಕೊಳ್ಳುವ ಪಂಪಿನಲ್ಲಿ ಔಷಧಿಯನ್ನು ಚಿಮ್ಮಿಸುವ ಅನಿಲ ಭೂಮಿಯನ್ನು ಕಾಯಿಸುತ್ತದೆ ಎಂದು ಅವರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. ದೊಡ್ಡ ಮಕ್ಕಳಿಗೆ ಪುಡಿಯ ಇನ್‌ಹೇಲರ್ ಕೊಡುವುದು, ಪುಡಿ ಎಳೆಯಲಾಗದ ಚಿಕ್ಕವರಿಗೆ ಮಾತ್ರ ಪಂಪು. ಮುಗಿದ ಪಂಪುಗಳನ್ನು ತಿಪ್ಪೆಗೆ ಎಸೆಯದೆ ವಾಪಸು ಪಡೆಯಬೇಕು. ಅದಕ್ಕೊಂದು ಹಸಿರು ಬುಟ್ಟಿ ಬಂತು. ಬುಟ್ಟಿ ಬಸವಪ್ರಭುವಿನ ಕೌಂಟರಿನ ಪಕ್ಕ ಕೂತಿತು.

"ಕಸಾ ಆಯೋ ಕೆಲ್ಸಾನೂ ನಿಮಗೇ ಬಂತಾ ಸಾರ್?" ಎಂದು ನರ್ಸ್ ಪುಟ್ಟಕ್ಕ ನಕ್ಕಳು. ಕೆಟ್ಟ ಮನಸ್ಸಿನಿಂದ ನಕ್ಕವಳಲ್ಲ. ಆದರೂ ಅದು ಅವನೊಳಗೆ ಮುಳ್ಳಿನಂತೆ ಉಳಿಯಿತು.

ಯೋಚನೆ ಹುಟ್ಟಿದ್ದು ಆ ಬುಟ್ಟಿಯಿಂದಲೇ. ವಾಪಸು ಬಂದ ಒಂದು ಪಂಪನ್ನು ಅವನು ಸುಮ್ಮನೆ ಒತ್ತಿ ನೋಡಿದ. ಪುಸ್ ಎಂದಿತು. ಅವನಿಗೆ ಗೊತ್ತಿದ್ದ ವಿಷಯವೇ: ಔಷಧಿ ಮುಗಿದ ಮೇಲೂ ಅನಿಲ ಇನ್ನಷ್ಟು ದಿನ ಹೀಗೇ ಚಿಮ್ಮುತ್ತದೆ. ಸದ್ದು ಅದೇ, ಹೊಗೆ ಅದೇ. ತಾಯಂದಿರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಬಡ ಮಕ್ಕಳಿಗೆಂದು ಉಚಿತವಾಗಿ ಬರುತ್ತಿದ್ದ ಪಂಪುಗಳಲ್ಲಿ ಅವನು ತುಂಬಿದ ಲೋಹದ ಡಬ್ಬಿಯನ್ನು ತೆಗೆದು, ಬುಟ್ಟಿಯಿಂದ ಆರಿಸಿ ಒರೆಸಿದ ಖಾಲಿ ಡಬ್ಬಿಯನ್ನು ಕೂರಿಸತೊಡಗಿದ. ತುಂಬಿದವು ಹರಿಹರದಲ್ಲಿ ಬಕ್ಕೇಶನ ಮೆಡಿಕಲ್ ಅಂಗಡಿಗೆ ಹೋದವು. ನಿಟ್ಟುವಳ್ಳಿಯ ಮನೆಯ ಮೇಲೆ ಅರ್ಧಕ್ಕೆ ನಿಂತಿದ್ದ ಕೋಣೆಯ ಗೋಡೆ ಮೇಲೇಳಿತು. ಅವನು ಆರಿಸಿದ್ದು ಸ್ವಲ್ಪವೇ ಉಬ್ಬಸವಿದ್ದ ಮಕ್ಕಳನ್ನು. ಅವರಿಗೆ ಔಷಧಿ ಇಲ್ಲದಿದ್ದರೂ ನಡೆದೀತು ಎಂದು ತನಗೆ ತಾನೇ ಹೇಳಿಕೊಂಡ. ಒಂಬತ್ತು ಮಕ್ಕಳು. ಲೆಕ್ಕಕ್ಕೆ ಒಂಬತ್ತು ಎಂದುಕೊಂಡರೆ ಏನೂ ಅನ್ನಿಸುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಆ ಲೆಕ್ಕಕ್ಕೆ ಮುಖ ಬಂತು. ಭಾನುವಳ್ಳಿಯ ಐದು ವರ್ಷದ ಭವ್ಯಾಳನ್ನು ಅವಳ ಅಪ್ಪ ಪರಶುರಾಮ ಎತ್ತಿಕೊಂಡು ಓಡಿಬಂದ. ಮಗುವಿನ ತುಟಿ ನೀಲಿಗಟ್ಟಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬುಗಳು ಒಳಗೆ ಸೇದಿಹೋಗುತ್ತಿದ್ದವು. ಬಸವಪ್ರಭು ಕೌಂಟರಿನಲ್ಲಿ ನಿಂತು ಎಲ್ಲವನ್ನೂ ಕಂಡ. ಹಿಂದೆಯೇ ಬಂದ ಅಜ್ಜಿ ಉಡಚಮ್ಮನನ್ನು ಡಾಕ್ಟರ್ ಗದರಿದ್ದನ್ನೂ ಕೇಳಿಸಿಕೊಂಡ.

"ದಿನಾ ಎರಡೊತ್ತು ಪಂಪು ಕೊಟ್ಟಿದ್ರೆ ಹಿಂಗಾಗ್ತಿರಲಿಲ್ಲ ಅಜ್ಜಿ. ಯಾಕೆ ಬಿಟ್ರಿ?"

"ದ್ಯಾವ್ರಾಣೆ ಕೊಟ್ಟೀನಿ ಮೇಡಮ್ಮಾರೆ. ಒಂದಿನಾನೂ ಬಿಟ್ಟಿಲ್ಲ. ಅವಳ ಅವ್ವ ಗದ್ದಿ ಕೆಲ್ಸಕ್ಕೆ ಹೋಗ್ತಾಳೆ, ನಾನೇ ಕುಂದ್ರಿಸ್ಕಂಡು ಕೊಟ್ಟೀನಿ."

ಡಾಕ್ಟರ್ ನಂಬಲಿಲ್ಲ. ಪರಶುರಾಮನೂ ತಾಯಿಯ ಮುಖ ನೋಡದೆ ಆಚೆ ತಿರುಗಿದ. ಮಗುವನ್ನು ಗುರುವಾರ ಮನೆಗೆ ಕಳಿಸುವುದಾಗಿಯೂ, ಆಗ ಆ ಪಂಪನ್ನು ತರಬೇಕೆಂದೂ, ಅಜ್ಜಿ ಹೇಗೆ ಕೊಡುತ್ತಾಳೋ ಕಣ್ಣಾರೆ ನೋಡಬೇಕೆಂದೂ ಡಾಕ್ಟರ್ ಹೇಳಿದರು.

ಎರಡು ದಿನ ಬಸವಪ್ರಭುವಿಗೆ ಊಟ ರುಚಿಸಲಿಲ್ಲ. ಉಳಿದ ಎಂಟು ಮಕ್ಕಳ ಹೆಸರುಗಳು ಬೇಡವೆಂದರೂ ನೆನಪಾದವು. ಪಾಪವನ್ನು ತೊಳೆಯಲೂ ಸಾಕ್ಷಿಯನ್ನು ಅಳಿಸಲೂ ಒಂದೇ ದಾರಿಯಿತ್ತು. ಅದು ಹಾಗೆ ಒಂದೇ ಆಗಿದ್ದಕ್ಕೆ ಅವನಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಆ ಮನೆಗೆ ಹೋಗಿ ಖಾಲಿ ಡಬ್ಬಿಯ ಜಾಗದಲ್ಲಿ ತುಂಬಿದ್ದನ್ನು ಕೂರಿಸುವುದು. ಮೇಲಿನ ಪ್ಲಾಸ್ಟಿಕ್ ಕವಚ ಅದೇ ಇರುತ್ತದೆ, ಮಗುವಿನ ಹೆಸರಿನ ಚೀಟಿಯೂ ಅದೇ. ಹತ್ತು ಸೆಕೆಂಡಿನ ಕೆಲಸ. ಒಂದೊಂದಾಗಿ ಎಲ್ಲ ಮನೆಗಳಿಗೂ ಹೋಗಿಬಂದರೆ ಮುಗಿಯಿತು. ಯಾರಾದರೂ ಕೇಳಿದರೆ, ಹಳೆಯ ಪಂಪು ವಾಪಸು ಪಡೆಯಲು ಬಂದೆ ಎನ್ನಬಹುದು.

ಬುಧವಾರ ರಜೆ ಹಾಕಿ, ತುಂಬಿದ ಡಬ್ಬಿಯೊಂದನ್ನು ಜೇಬಿಗಿಟ್ಟುಕೊಂಡು, ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿಗೆ ಹೋದ. ಮಗುವಿನ ಜೊತೆ ಅದರ ಅವ್ವ ಆಸ್ಪತ್ರೆಯಲ್ಲಿದ್ದಳು. ಉಡಚಮ್ಮ ಮಗುವಿನ ಬಟ್ಟೆ ಒಣಹಾಕುತ್ತಿದ್ದವಳು ಕೈ ಒರೆಸಿಕೊಂಡು ಓಡಿಬಂದಳು.

"ಬರ್ರಿ ಸಾರ್, ಕೂಡ್ರಿ. ನಮ್ಮ ಮನೀತನಾ ಬಂದ್ರಲ್ಲ!"

"ಮಗು ಪಂಪು ಎಲ್ಲೈತೆ ಅಜ್ಜಿ? ಸರಿ ಐತೋ ಇಲ್ಲೋ ನೋಡ್ತೀನಿ."

ದೇವರ ಮಾಡದಿಂದ ಅವಳು ಅದನ್ನು ತಂದಳು. ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಕೊಟ್ಟವಳು ಅಲ್ಲೇ ನಿಂತಳು.

"ನಾನು ಕೊಟ್ಟಿಲ್ಲ ಅಂತಾರೆ ಸಾರ್. ಮಗನೂ ಮಾತಾಡ್ಸವಲ್ಲ. ನೀವಾರ ಹೇಳ್ರಿ, ನನ್ನ ಕೈಯಾಗೆ ಏನಾರ ತಪ್ಪಾತಾ?"

ಅವಳನ್ನು ಒಳಗೆ ಕಳಿಸಬೇಕಿತ್ತು. "ಸ್ವಲ್ಪ ನೀರು ಕೊಡ್ರಿ" ಎಂದ.

"ಬರೇ ನೀರು ಯಾಕ, ಚಾ ಮಾಡ್ತೀನಿ ತಡ್ರಿ" ಎಂದು ಅವಳು ಒಳಗೆ ಹೋದಳು. ಸ್ಟೌವಿನ ಸದ್ದು ಕೇಳಿದಾಗ ಹಳೆಯ ಡಬ್ಬಿ ಅವನ ಜೇಬಿನಲ್ಲಿತ್ತು. ಬಂದ ಚಹಾವನ್ನು ಅವನು ಬಿಸಿಬಿಸಿಯಾಗಿಯೇ ನುಂಗಿದ. ಹೊರಡುವಾಗ ಅವಳು ಅವನ ಕಾಲಿಗೆ ಬಾಗಲು ಬಂದಳು. ಅವನು ಹಾವು ಕಂಡವನಂತೆ ಹಿಂದೆ ಸರಿದ.

ವಾಪಸು ಬರುವ ಬಸ್ಸಿನಲ್ಲಿ, ನಾಲೆಯ ಸೇತುವೆ ದಾಟುವಾಗ ಅವನಿಗೆ ಇನ್ನೊಂದು ಹೊಳೆಯಿತು. ನಾಳೆ ಪಂಪು ಸರಿಯಿದೆ ಎಂದಾದರೆ ತಪ್ಪು ಪೂರ್ತಿ ಮುದುಕಿಯದೇ ಆಗುತ್ತದೆ. ಮಗ ಇನ್ನು ಅವಳನ್ನು ಎಂದೂ ನಂಬಲಾರ. ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ದಾವಣಗೆರೆಯಲ್ಲಿ ಇಳಿಯುವ ಹೊತ್ತಿಗೆ ಆ ಗಳಿಗೆ ದಾಟಿಹೋಗಿತ್ತು. ಮರುದಿನ ಕೆಲಸಕ್ಕೆ ಬಂದವನೇ ಖಾಲಿ ಡಬ್ಬಿಯನ್ನು ಹಸಿರು ಬುಟ್ಟಿಗೇ ಹಾಕಿದ. ನೂರಾರು ಡಬ್ಬಿಗಳಲ್ಲಿ ಅದೂ ಒಂದಾಯಿತು.

ಮಧ್ಯಾಹ್ನ ಡಾಕ್ಟರ್ ಅವನನ್ನೂ ಕೋಣೆಗೆ ಕರೆದರು. "ನೀವೇ ಕಲ್ಸಿದ್ದಲ್ವಾ, ಅಜ್ಜಿ ಹೆಂಗೆ ಕೊಡ್ತಾರೆ ನೋಡಿ ಹೇಳಿ." ಪರಶುರಾಮ ಗೋಡೆಗೆ ಒರಗಿ ನಿಂತಿದ್ದ. ಉಡಚಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಪಂಪನ್ನು ಕುಲುಕಿ, ಪ್ಲಾಸ್ಟಿಕ್ ಕೊಳವೆಗೆ ಸೇರಿಸಿ, ಮುಖವಾಡವನ್ನು ಮೂಗು ಬಾಯಿಗೆ ಒತ್ತಿ ಹಿಡಿದು, ಒಮ್ಮೆ ಒತ್ತಿ, ಹತ್ತು ಉಸಿರು ಎಣಿಸಿದಳು. ಎಲ್ಲೂ ತಪ್ಪಲಿಲ್ಲ. ಡಾಕ್ಟರ್ ಹುಬ್ಬು ಗಂಟಿಕ್ಕಿದರು.

ಮುಖವಾಡ ತೆಗೆದೊಡನೆ ಭವ್ಯಾ ಮುಖ ಹಿಂಡಿದಳು. "ಥೂ, ಕಹಿ ಐತೆ ಅಜ್ಜಿ! ನಮ್ಮನ್ಯಾಗೆ ಹಿಂಗಿರ್ಲಿಲ್ಲ, ಬರೇ ತಣ್ಣಗಿತ್ತು." ಉಡಚಮ್ಮ ಗಾಬರಿಯಾಗಿ ಪಂಪನ್ನು ತಿರುಗಿಸಿ ನೋಡಿದಳು. "ಹೌದು ಮೇಡಮ್ಮಾರೆ, ಇಷ್ಟು ದಿನ ಒಂದ್ಸಲಾನೂ ಕಹಿ ಅಂದಿಲ್ಲ ಇದು. ನಿನ್ನೆ ಈ ಸಾರ್ ಮನೀಗೆ ಬಂದು, ಸರಿ ಐತೆ ಅಂತ ನೋಡಿ ಕೊಟ್ಟು ಹೋಗ್ಯಾರೆ, ಕೇಳ್ರಿ ಬೇಕಾದ್ರೆ." ಹದಿನೆಂಟು ವರ್ಷ ಔಷಧಿ ಕೊಟ್ಟಿದ್ದ ಬಸವಪ್ರಭು ಒಂದನ್ನಾದರೂ ನಾಲಿಗೆಗೆ ತಾಗಿಸಿಕೊಂಡವನಲ್ಲ. ಔಷಧಿಗೆ ರುಚಿ ಇರುತ್ತದೆ, ಬರಿಯ ಅನಿಲಕ್ಕೆ ಇರುವುದಿಲ್ಲ.