ಹಳದಿ ಒಣಗುವವರೆಗೆ

"ನೀಲಿನಾ, ಹಳದಿನಾ? ಬೇಗ ಹೇಳಮ್ಮ, ನಿನ್ನ ಹಿಂದೆ ಕ್ಯೂ ಇದೆ," ಎಂದರು ಬಣ್ಣದಂಗಡಿ ತಾತ.

ಬುಗುರಿ ಹಿಂದೆ ತಿರುಗಿ ನೋಡಿದಳು. ಯಾವ ಕ್ಯೂವೂ ಇರಲಿಲ್ಲ. ಡಬ್ಬಗಳ ನಡುವೆ ಒಂದು ಬೆಕ್ಕು ಮಲಗಿತ್ತು, ಅಷ್ಟೇ.

ಬುಗುರಿ ಎನ್ನುವುದು ಅವಳ ಶಾಲೆಯ ಹೆಸರಲ್ಲ. ನಿಂತಲ್ಲಿ ನಿಲ್ಲದ ಹುಡುಗಿ ಎಂದು ಮನೆಯವರೇ ಇಟ್ಟ ಹೆಸರು. ಆದರೆ ಈಗ ಐದು ನಿಮಿಷದಿಂದ ಕೌಂಟರ್ ಮುಂದೆ ಕಂಬದ ಹಾಗೆ ನಿಂತುಬಿಟ್ಟಿದ್ದಳು.

ಅವಳಿಗೆ ನೀಲಿ ಬೇಕಿತ್ತು. ಸಂಜೆ ಬೀದಿದೀಪ ಹತ್ತುವ ಮೊದಲು ಆಕಾಶ ಇರುತ್ತದಲ್ಲ, ಅಂಥ ನೀಲಿ. ಅಂಗಡಿಯ ಬಣ್ಣದ ಕಾರ್ಡಿನ ಮೇಲೆ ನೋಡಿದ ಕೂಡಲೇ ಇದೇ ಎಂದು ಮನಸ್ಸಿನಲ್ಲಿ ಬೆರಳಿಟ್ಟಾಗಿತ್ತು.

ಬಣ್ಣ ಬೇಕಾಗಿದ್ದುದು ಅಪ್ಪನ ಹಳೇ ಕಾರಿಗೆ. ಇಡೀ ಕಾರಿಗಲ್ಲ, ಅದರ ಮುಂದಿನ ಎರಡು ಬ್ರೇಕ್ ಕ್ಯಾಲಿಪರ್‌ಗಳಿಗೆ. ನಿನ್ನೆ ಸಂಜೆ ಅಪ್ಪ ಊರಿಗೆ ಬಂದಾಗ ಬ್ರೇಕು ಕಿರ್ರೆಂದು ಬೀದಿಯನ್ನೆಲ್ಲ ಎಬ್ಬಿಸಿತ್ತು. ಬೆಳಗ್ಗೆ ಚಕ್ರ ಬಿಚ್ಚಿ ಹೊಸ ಪ್ಯಾಡ್ ಹಾಕುವಾಗ ನೋಡಿದರೆ ಕ್ಯಾಲಿಪರ್‌ಗೆ ತುಕ್ಕು ಹಿಡಿದಿತ್ತು.

"ಅದೇನು ಮಾಡುತ್ತಪ್ಪ?" ಎಂದು ಬುಗುರಿ ಕೇಳಿದ್ದಳು.

"ಚಕ್ರದ ಜೊತೆ ಈ ತಟ್ಟೆ ತಿರುಗುತ್ತಲ್ಲ, ಇದನ್ನ ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಹಿಡ್ಕೊಂಡ್ರೇನೇ ಗಾಡಿ ನಿಲ್ಲೋದು. ತುಕ್ಕು ಉಜ್ಜಿ ಬಣ್ಣ ಹಚ್ಚೋಣ. ಯಾವ ಬಣ್ಣ ಅಂತ ನೀನೇ ಆರಿಸು."

ಹಾಗಾಗಿ ಅಂಗಡಿಗೆ ಬಂದಿದ್ದರು. ಅಪ್ಪ ಆಚೆ ಕಪಾಟಿನ ಹತ್ತಿರ ತಂತಿ ಬ್ರಷ್ಷು, ಉಪ್ಪುಕಾಗದ ಹುಡುಕುತ್ತಿದ್ದರು.

"ಎರಡಕ್ಕೂ ಏನು ವ್ಯತ್ಯಾಸ ತಾತ?" ಎಂದು ಬುಗುರಿ ಕೇಳಿದಳು.

ತಾತನಿಗೆ ಅಷ್ಟೇ ಬೇಕಿತ್ತು. "ನೋಡು, ಈ ನೀಲಿ ಮ್ಯಾಟ್‌ನಲ್ಲಿ ಮಾತ್ರ ಬರುತ್ತೆ. ಮ್ಯಾಟ್ ಅಂದ್ರೆ ಹೊಳಪಿಲ್ಲ. ಸ್ಪ್ರೇ ಇದು, ಎರಡು ಸಲ ಹೊಡೆದ್ರೆ ಮುಗೀತು. ಇವತ್ತು ಹೊಡೆದು ನಾಳೆ ಗಾಡಿ ಓಡಿಸ್ಬಹುದು. ಆದ್ರೆ ಸ್ವಲ್ಪ ಮುಂಗೋಪಿ. ದೂಳು ಕೂತ್ರೆ ಬಿಟ್ಟುಕೊಡಲ್ಲ."

"ಹಳದಿ?"

"ಹಳದಿ ಗ್ಲಾಸಿ. ಕನ್ನಡಿ ಥರ ಹೊಳೆಯುತ್ತೆ, ಬಟ್ಟೇಲಿ ಒರೆಸಿದ್ರೆ ಕ್ಲೀನ್. ಆದ್ರೆ ತಾಳ್ಮೆ ಬೇಕು. ಬ್ರಷ್ಷಲ್ಲಿ ಮೂರು ಕೋಟ್, ನಡುವೆ ಮೂರು ಮೂರು ಗಂಟೆ ಒಣಗಿಸ್ಬೇಕು. ಮೇಲೆ ಒಂದು ಕ್ಲಿಯರ್ ಕೋಟ್, ಬಣ್ಣ ಇಲ್ದಿರೋದು. ಅದಾದ್ಮೇಲೆ ಇಪ್ಪತ್ನಾಲ್ಕು ಗಂಟೆ ಗಾಡಿ ಅಲ್ಲಾಡಿಸೋ ಹಾಗಿಲ್ಲ. ಡಬ್ಬದ ಮೇಲೂ ಬರ್ದಿದೆ, ಓದ್ಕೋ."

ಬುಗುರಿಯ ಕಿವಿ ನೆಟ್ಟಗಾಯಿತು.

ಅಪ್ಪ ಕ್ರೇನ್ ಓಡಿಸುತ್ತಾರೆ. ಎಂಟು ಗಂಟೆ ದಾರಿಯಾಚೆ ಒಂದು ದೊಡ್ಡ ಸೇತುವೆ ಕಟ್ಟುತ್ತಿದ್ದಾರೆ, ಅಲ್ಲಿ. ತಿಂಗಳಿಗೊಂದು ಸಲ ಶುಕ್ರವಾರ ಸಂಜೆ ಬರುತ್ತಾರೆ, ಭಾನುವಾರ ಸಂಜೆ ಆರಕ್ಕೆ ಕಾರು ಹತ್ತಿ ಹೊರಡುತ್ತಾರೆ. ಶನಿವಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಭಾನುವಾರವಂತೂ ಬೆಳಗ್ಗೆಯಿಂದಲೇ ಬುಗುರಿ ಗಡಿಯಾರ ನೋಡುತ್ತಿರುತ್ತಾಳೆ.

ಅವಳು ಬೆರಳು ಮಡಿಸುತ್ತಾ ಲೆಕ್ಕ ಹಾಕಿದಳು. ಇವತ್ತು ತುಕ್ಕು ಉಜ್ಜಬೇಕು. ಸಂಜೆಯೊಳಗೆ ಎರಡು ಕೋಟ್. ನಾಳೆ ಬೆಳಗ್ಗೆ ಮೂರನೆಯದು, ಹನ್ನೊಂದಕ್ಕೆ ಕ್ಲಿಯರ್. ಅಲ್ಲಿಂದ ಇಪ್ಪತ್ತನಾಲ್ಕು ಗಂಟೆ ಎಂದರೆ ಸೋಮವಾರ ಹನ್ನೊಂದು.

ಅಂದರೆ ಭಾನುವಾರ ಸಂಜೆ ಕಾರು ಹೊರಡುವ ಹಾಗೇ ಇಲ್ಲ.

"ಹಳದಿ ಕೊಡಿ ತಾತ," ಎಂದಳು ಬುಗುರಿ. ನೀಲಿಯ ಕಡೆ ಮತ್ತೆ ನೋಡಿದರೆ ಮನಸ್ಸು ಬದಲಾದೀತೆಂದು ಬೆಕ್ಕನ್ನೇ ನೋಡುತ್ತಾ ನಿಂತಳು.

ಅಪ್ಪ ಡಬ್ಬ ನೋಡಿ ಹುಬ್ಬು ಗಂಟು ಹಾಕಿದರು. "ಹಳದಿನಾ? ತಿಂಗಳಿಡೀ ಹಳದಿ ಕ್ರೇನಲ್ಲಿ ಕೂತು ಕೂತು ನನ್ನ ಕಣ್ಣೇ ಹಳದಿ ಆಗಿದೆ ಕಣೇ. ನಿನ್ನ ಇಷ್ಟದ ನೀಲಿ ಎಲ್ಲಿ ಹೋಯ್ತು?"

"ಹಳದಿ ಹೊಳೆಯುತ್ತೆ," ಎಂದಳು ಬುಗುರಿ.

ಅಪ್ಪ ಡಬ್ಬವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಸರಿ, ಆರಿಸೋಳು ನೀನು ತಾನೇ," ಎಂದು ಚೀಲಕ್ಕೆ ಹಾಕಿಕೊಂಡರು.

ಮನೆಯ ಮುಂದೆ ಕಾರು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಮೂತಿ ಎತ್ತಿ ನಿಂತಿತ್ತು. ಅಪ್ಪ ತಂತಿ ಬ್ರಷ್ಷಿನಿಂದ ತುಕ್ಕು ಉದುರಿಸಿದರು. ಮೂಲೆಗಳದು ಬುಗುರಿಯ ಪಾಲು. ಅವಳು ಹಳೇ ಟೂತ್ ಬ್ರಷ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು.

"ನಿನ್ನ ಹಲ್ಲನ್ನ ಯಾವತ್ತಾದ್ರೂ ಹೀಗೆ ಉಜ್ಜಿದ್ದೀಯೇನೇ?" ಎಂದರು ಅಮ್ಮ, ಬಾಗಿಲಲ್ಲಿ ನಿಂತು.

ಬಣ್ಣ ತಾಗಬಾರದ ಕಡೆಗೆಲ್ಲ ಟೇಪ್ ಅಂಟಿಸಬೇಕಿತ್ತು. ರಬ್ಬರಿಗೆ, ಸ್ಕ್ರೂಗೆ, ತಿರುಗುವ ತಟ್ಟೆಗೆ. ಅಪ್ಪ ಟೇಪ್ ಕತ್ತರಿಸಿ ಕೊಟ್ಟರು, ಬುಗುರಿ ಅಂಟಿಸಿದಳು. ಸ್ವಲ್ಪ ಸೊಟ್ಟಗಾದರೂ ಕಿತ್ತು ಮತ್ತೆ ಅಂಟಿಸಿದಳು. ಅಪ್ಪ ಅವಸರ ಮಾಡಲಿಲ್ಲ.

ಮೊದಲ ಕೋಟ್ ಹಚ್ಚಿ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಒಣಗುವವರೆಗೆ ಮಾಡಲು ಏನೂ ಕೆಲಸವಿರಲಿಲ್ಲ. ಬುಗುರಿಗೆ ಬೇಕಾಗಿದ್ದುದೂ ಅದೇ.

"ಕ್ರೇನ್ ಮೇಲಿಂದ ನಮ್ಮ ಮನೆ ಕಾಣುತ್ತಾ?" ಎಂದು ಕೇಳಿದಳು.

"ಅಷ್ಟು ದೂರದ್ದು ಹೇಗೆ ಕಾಣುತ್ತೆ? ಊರಿಗೆ ಬರೋ ರಸ್ತೆ ಕಾಣುತ್ತೆ. ಒಂದು ತಿರುವಿನವರೆಗೆ."

"ಆಮೇಲೆ?"

"ಆಮೇಲೆ ಗುಡ್ಡ ಅಡ್ಡ ಬರುತ್ತೆ."

"ದಿನಾ ನೋಡ್ತೀಯಾ?"

"ಕೆಲಸ ಇಲ್ದೆ ಇರುವಾಗ ನೋಡ್ತೀನಿ," ಎಂದರು ಅಪ್ಪ. ಕಾರಿನ ಕಡೆ ನೋಡಿ, "ಕೆಲಸ ಇದ್ದಾಗ್ಲೂ," ಎಂದರು.

ಭಾನುವಾರ ಸರಿಯಾಗಿ ಹನ್ನೊಂದಕ್ಕೆ ಕ್ಲಿಯರ್ ಕೋಟ್ ಮುಗಿಯಿತು. ಎರಡೂ ಕ್ಯಾಲಿಪರ್‌ಗಳು ಹೊಚ್ಚ ಹೊಸದರಂತೆ ಥಳಥಳ ಎನ್ನುತ್ತಿದ್ದವು. ಬುಗುರಿ ಅಪ್ಪನ ಕಡೆ ತಿರುಗಿದಳು. ಈ ಮಾತನ್ನು ಅವಳು ನಿನ್ನೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದಳು.

"ಅಪ್ಪಾ, ಇನ್ನು ಇಪ್ಪತ್ನಾಲ್ಕು ಗಂಟೆ ಕಾರು ಅಲ್ಲಾಡಿಸೋ ಹಾಗಿಲ್ಲ. ಡಬ್ಬದ ಮೇಲೆ ಬರ್ದಿದೆ. ನೀನು ನಾಳೇನೇ ಹೋಗ್ಬೇಕು."

ಅಪ್ಪ ಬ್ರಷ್ಷನ್ನು ಬಟ್ಟೆಗೆ ಒರೆಸಿದರು. ಅದು ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ ಫೋನ್ ತೆಗೆದುಕೊಂಡು ಗೇಟಿನ ಹತ್ತಿರ ಹೋದರು. ಬುಗುರಿ ನಿಂತಲ್ಲಿಂದಲೇ ನೋಡಿದಳು. ಅಪ್ಪ ಎರಡು ಸಲ ತಲೆಯಾಡಿಸಿದರು.

"ಒಂದು ದಿನ ಜಾಸ್ತಿ ಕೊಡಿ ಅಂತ ಕೇಳ್ದೆ ಪುಟ್ಟಾ," ಎಂದರು ವಾಪಸ್ಸು ಬಂದು. "ನಾಳೆ ಬೆಳಗ್ಗೆ ಏಳು ಗಂಟೆಗೆ ಸೇತುವೆ ತೊಲೆ ಎತ್ತೋದಿದೆಯಂತೆ. ಕ್ರೇನ್ ನಿಂತ್ರೆ ಮೂವತ್ತು ಜನ ಕೈಕಟ್ಟಿ ಕೂರ್ಬೇಕಾಗುತ್ತೆ. ಬಸ್ಸಿಗೆ ಹೋಗ್ತೀನಿ."

"ಬಸ್ಸಿಗಾ? ಎಷ್ಟು ಹೊತ್ತಿಗೆ?"

"ನಾಲ್ಕು ಗಂಟೆಗೆ. ಬಸ್ಸು ಸುತ್ತಿ ಬಳಸಿ ಹೋಗುತ್ತಲ್ಲ, ಬೇಗ ಹೊರಡ್ಬೇಕು."

ಬುಗುರಿ ಮತ್ತೆ ಬೆರಳು ಮಡಿಸಿದಳು. ಆರು ಗಂಟೆಯವರೆಗೆ ಇರಬೇಕಾಗಿದ್ದ ಅಪ್ಪ ಈಗ ನಾಲ್ಕಕ್ಕೇ ಹೋಗುತ್ತಾರೆ. ಒಂದು ದಿನ ಗಿಟ್ಟಿಸಲು ಹೋಗಿ ಕೈಯಲ್ಲಿದ್ದ ಎರಡು ಗಂಟೆಯನ್ನೂ ಕಳೆದುಕೊಂಡಿದ್ದಳು.

ಬಸ್ ಸ್ಟ್ಯಾಂಡಿಗೆ ಮೂವರೂ ನಡೆದೇ ಹೋದರು. ಕಾರಿನ ಡಿಕ್ಕಿಯಲ್ಲಿ ಆರಾಮಾಗಿ ಹೋಗಬೇಕಾಗಿದ್ದ ಹಾಸಿಗೆ ಸುರುಳಿ ಅಪ್ಪನ ಹೆಗಲೇರಿತ್ತು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಹೆಲ್ಮೆಟ್ಟು, ಬೂಟು. ಬುಗುರಿಯ ಕೈ ಹಿಡಿಯಲು ಅಪ್ಪನಿಗೆ ಕೈಯೇ ಉಳಿದಿರಲಿಲ್ಲ. ಅವಳು ಅಂಗಿಯ ತುದಿ ಹಿಡಿದುಕೊಂಡು ನಡೆದಳು.

ಬಸ್ಸು ಆಗಲೇ ಗಿಜಿಗುಡುತ್ತಿತ್ತು. ಸೀಟು ಇರಲಿಲ್ಲ. ಅಮ್ಮ ನೀರಿನ ಬಾಟಲಿ ತರಲು ಅಂಗಡಿಗೆ ಹೋದರು. ಇನ್ನು ತಡೆಯಲು ಬುಗುರಿಗೆ ಆಗಲಿಲ್ಲ.

"ಅಪ್ಪಾ, ನಂಗೆ ಹಳದಿ ಇಷ್ಟಾನೇ ಇರ್ಲಿಲ್ಲ. ನೀಲಿ ಆಗಿದ್ರೆ ನಿನ್ನೇನೇ ಮುಗೀತಿತ್ತು. ನೀನು ಕಾರಲ್ಲೇ ಹೋಗ್ಬಹುದಿತ್ತು. ಹಳದಿ ಒಣಗೋಕೆ ತುಂಬಾ ಹೊತ್ತು ಬೇಕು ಅಂತ ನಂಗೆ ಗೊತ್ತಿತ್ತು."

ಬೈಯುತ್ತಾರೆ ಎಂದುಕೊಂಡು ಅಪ್ಪನ ಕೈಯಲ್ಲಿದ್ದ ಬೂಟು ನೋಡುತ್ತಾ ನಿಂತಳು.

"ನಂಗೂ ಗೊತ್ತಿತ್ತು," ಎಂದರು ಅಪ್ಪ. "ಅಂಗಡೀಲೇ ಡಬ್ಬ ತಿರುಗಿಸಿ ಓದಿದ್ನಲ್ಲ."

ಬುಗುರಿ ತಲೆ ಎತ್ತಿದಳು. "ಮತ್ತೆ ಯಾಕೆ ಬೇಡ ಅನ್ಲಿಲ್ಲ?"

ಅಪ್ಪ ಹಾಸಿಗೆ ಸುರುಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡರು. ಬಸ್ಸಿನ ಕಡೆ ನೋಡಿದರು, ಅಮ್ಮ ಹೋದ ಕಡೆ ನೋಡಿದರು.

"ಹಳದಿ ಚೆನ್ನಾಗಿತ್ತು," ಎಂದರು.

ಅದು ಸುಳ್ಳು ಎಂದು ಬುಗುರಿಗೆ ಗೊತ್ತಿತ್ತು. ಅಂಗಡಿಯಲ್ಲಿ ತಾನು ಹೇಳಿದ್ದೂ ಅಂಥದೇ ಸುಳ್ಳು. ಅವಳು ಅಪ್ಪನ ಹೊಟ್ಟೆಗೆ ಮುಖ ಒತ್ತಿದಳು. ಅಂಗಿಗೆ ಬಣ್ಣದ ವಾಸನೆ ಇತ್ತು.

ಬಸ್ಸು ಹೊರಟಾಗ ಅಪ್ಪ ಕಿಟಕಿಯಲ್ಲಿ ಕಾಣಲಿಲ್ಲ. ಯಾರದೋ ತಲೆಗಳ ನಡುವೆ, ಮೇಲಿನ ಕಂಬಿ ಹಿಡಿದ ಒಂದು ಕೈ ಮಾತ್ರ ಕಂಡಿತು. ಅದರ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು.

ಮನೆಗೆ ಬಂದರೆ ಕಾರು ಇದ್ದಲ್ಲೇ ಇತ್ತು, ಮೂತಿ ಎತ್ತಿಕೊಂಡು, ಚಕ್ರಗಳನ್ನು ಗೋಡೆಗೆ ಒರಗಿಸಿಕೊಂಡು. ಪ್ರತಿ ಭಾನುವಾರವೂ ಬುಗುರಿಗೆ ಈ ಕಾರಿನ ಮೇಲೆ ಸಿಟ್ಟು ಬರುತ್ತಿತ್ತು. ಅಪ್ಪನನ್ನು ಕರೆದುಕೊಂಡು ಹೋಗುವುದು ಇದೇ ಎಂದು. ಕೆಟ್ಟು ನಿಂತುಹೋಗಲಿ ಎಂದು ಒಂದೆರಡು ಸಲ ಶಾಪವನ್ನೂ ಹಾಕಿದ್ದಳು. ಇವತ್ತು ಅದು ಒಂದು ಇಂಚೂ ಕದಲಿರಲಿಲ್ಲ. ಆದರೂ ಅಪ್ಪ ಹೋಗಿದ್ದರು.

"ನಿಂದೇನೂ ತಪ್ಪಿಲ್ಲ ಬಿಡು," ಎಂದಳು ಅವಳು ಮೆಲ್ಲಗೆ, ಕಾರಿಗೆ.

ಸಂಜೆ ಆರರ ಹೊತ್ತಿಗೆ ಬೀದಿಯಲ್ಲಿ ಒಂದು ಲಾರಿ ಹೋಯಿತು. ದೂಳೆದ್ದಿತು. ಬುಗುರಿ ಓಡಿಹೋಗಿ ಒಂದು ಹಳೇ ಪೇಪರ್ ತಂದು, ಹಸಿ ಬಣ್ಣಕ್ಕೆ ತಾಗದ ಹಾಗೆ ಕ್ಯಾಲಿಪರ್ ಮುಂದೆ ಅಡ್ಡ ಹಿಡಿದು ಕುಳಿತಳು.

"ಒಳಗೆ ಬಾರೇ, ಕತ್ತಲಾಗ್ತಿದೆ," ಎಂದರು ಅಮ್ಮ.

"ದೂಳು ಕೂತ್ಕೊಳ್ಳುತ್ತಮ್ಮ. ಇನ್ನೂ ಒಣಗಿಲ್ಲ."

ಅಮ್ಮ ಒಳಗೆ ಹೋದರು. ದೀಪ ಹಾಕಿದ ಸದ್ದು ಕೇಳಿಸಿತು. ಆಮೇಲೆ ಅವರೂ ಒಂದು ಪೇಪರ್ ಹಿಡಿದುಕೊಂಡು ಹೊರಗೆ ಬಂದರು. ಕಾರಿನ ಆ ಬದಿಗೆ ಹೋಗಿ, ಇನ್ನೊಂದು ಕ್ಯಾಲಿಪರ್ ಮುಂದೆ ನೆಲದ ಮೇಲೇ ಕುಳಿತರು.